ಅಜ್ಜ-ಮುತ್ತಜ್ಜಿಯರ ಹಳೇ ಫೋಟೋ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮುತ್ತಜ್ಜನ ಫೋಟೋ ಬೇಕು ಅಂತ ಹೊರಟವರು ಮೊದಲು ಮನೆಯ ಅಟ್ಟ ಹತ್ತುತ್ತಾರೆ. ಅಲ್ಲೊಂದು ಟ್ರಂಕು, ಅದರೊಳಗೆ ಒಂದಿಷ್ಟು ಮದುವೆ ಫೋಟೋ, ಗೆದ್ದಲು ಹಿಡಿದ ಒಂದು ಫ್ರೇಮು, ಅಷ್ಟೇ. "ನಮ್ಮ ಮನೇಲಿ ಆಗೆಲ್ಲ ಫೋಟೋನೇ ತೆಗೆಸ್ತಿರಲಿಲ್ಲ, ತೆಗೆಸಿದರೆ ಆಯಸ್ಸು ಕಡಿಮೆ ಆಗುತ್ತೆ ಅಂತಿದ್ದರು" ಅಂತ ಯಾರಾದರೂ ಹಿರಿಯರು ಹೇಳುತ್ತಾರೆ. ಹುಡುಕಾಟ ಅಲ್ಲಿಗೇ ನಿಂತುಹೋಗುತ್ತದೆ.

ಆದರೆ ಬಹಳಷ್ಟು ಸಲ ಫೋಟೋ ಇರುತ್ತದೆ. ನಿಮ್ಮ ಮನೆಯಲ್ಲಿ ಇರುವುದಿಲ್ಲ, ಅಷ್ಟೇ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳು ತವರಿನ ನೆನಪಿಗೆ ಅಂತ ಅಪ್ಪ-ಅಮ್ಮನ ಫೋಟೋ ಒಯ್ದಿರುತ್ತಾಳೆ. ಗಂಡುಮಕ್ಕಳ ಮನೆಯಲ್ಲಿ ಪಾಲಾಯಿತು, ಹಳೇ ಮನೆ ಕೆಡವಿ ಹೊಸದು ಕಟ್ಟಿದರು, ಫ್ರೇಮು ಎಲ್ಲೋ ಹೋಯಿತು. ಆ ಹೆಣ್ಣುಮಗಳ ಮೊಮ್ಮಕ್ಕಳ ಮನೆಯ ಬೀರುವಿನಲ್ಲಿ ಮಾತ್ರ ಅದು ಹಾಗೇ ಉಳಿದಿರುತ್ತದೆ, ಯಾರದು ಅಂತ ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ನಾನು ಒತ್ತಿ ಹೇಳುವ ಮಾತು ಒಂದೇ: ಅಪ್ಪ, ಅಜ್ಜ, ಮುತ್ತಜ್ಜ ಅಂತ ನೇರ ಮೇಲಕ್ಕೆ ಹುಡುಕಬೇಡಿ. ಪಕ್ಕದ ಕೊಂಬೆಗಳಿಗೆ ಹೋಗಿ. ಅದರಲ್ಲೂ ಹೆಣ್ಣುಮಕ್ಕಳು ಹೋದ ದಾರಿ ಹಿಡಿಯಿರಿ.

1. ಫೋಟೋಗಿಂತ ಮೊದಲು ಹೆಸರುಗಳು

ಯಾರ ಮನೆ ಬಾಗಿಲು ತಟ್ಟಬೇಕು ಅಂತ ಗೊತ್ತಾಗಬೇಕಾದರೆ ಪಟ್ಟಿ ಬೇಕು. ಅಜ್ಜನ ಅಕ್ಕ-ತಂಗಿಯರು ಯಾರು, ಯಾವ ಊರಿಗೆ ಕೊಟ್ಟರು, ಅವರ ಮಕ್ಕಳು ಈಗ ಎಲ್ಲಿದ್ದಾರೆ? ಅಜ್ಜಿಯ ತವರು ಯಾವುದು, ಅಲ್ಲಿ ಈಗ ಮನೆ ನೋಡಿಕೊಳ್ಳುತ್ತಿರುವವರು ಯಾರು?

ಜನ ಸಾಮಾನ್ಯವಾಗಿ ಗ್ರಾಮ ಲೆಕ್ಕಿಗರಿಂದ ಪಡೆದ ವಂಶವೃಕ್ಷ ತೋರಿಸುತ್ತಾರೆ. ಅದು ಆಸ್ತಿಗಾಗಿ ಮಾಡಿಸಿದ ಕಾಗದ. ಹಳೆಯವುಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುವುದೇ ಜಾಸ್ತಿ, ಹಾಗಾಗಿ ನಮ್ಮ ಕೆಲಸಕ್ಕೆ ಅದು ಅರ್ಧ ಮಾತ್ರ ಸಾಕಾಗುತ್ತದೆ. ಉಳಿದ ಅರ್ಧ ಲಗ್ನಪತ್ರಿಕೆಗಳಲ್ಲಿ ಸಿಗುತ್ತದೆ. ಹಳೇ ಲಗ್ನಪತ್ರಿಕೆಯ ಕೆಳಗೆ ಆಗಮನಾಭಿಲಾಷಿಗಳು ಅಂತ ಉದ್ದದ ಪಟ್ಟಿ ಇರುತ್ತದಲ್ವಾ, ಅದರಲ್ಲಿ ಅಳಿಯಂದಿರು, ಬೀಗರು, ಸೋದರಮಾವಂದಿರು, ಅವರ ಊರು, ಕೆಲವೊಮ್ಮೆ ಕೆಲಸ ಕೂಡ ಅಚ್ಚಾಗಿರುತ್ತದೆ. ಇನ್ನೂ ಒಳ್ಳೆಯದು ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಟ್ಟ ನೋಟ್‌ಬುಕ್ಕನ್ನು ತಿರುಗಿ ಮುಯ್ಯಿ ಮಾಡುವ ಲೆಕ್ಕಕ್ಕೆ ಎಷ್ಟೋ ಮನೆಗಳಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಆ ಮದುವೆಗೆ ಬಂದವರೆಲ್ಲ ಅದರಲ್ಲಿ ಹೆಸರು, ಊರಿನ ಸಮೇತ ಸಿಗುತ್ತಾರೆ.

ಉತ್ತರ ಕರ್ನಾಟಕ, ಮಧ್ಯ ಕರ್ನಾಟಕದ ಎಷ್ಟೋ ಕುಟುಂಬಗಳಿಗೆ ಹೆಳವರು ಇದ್ದಾರೆ. ಎತ್ತು ಕಟ್ಟಿಕೊಂಡು ಊರೂರು ತಿರುಗಿ ಮನೆತನದ ತಲೆಮಾರುಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಹಾಡಿ ಹೇಳುವವರು. ಅವರ ಹತ್ತಿರ ಫೋಟೋ ಸಿಗುವುದಿಲ್ಲ. ಆದರೆ ನಿಮ್ಮ ಮನೆತನದ ಯಾವ ಕವಲು ಯಾವ ಊರಿಗೆ ಹೋಗಿ ನೆಲೆಸಿತು ಅನ್ನುವುದು ಅವರಿಗೆ ಗೊತ್ತಿರುವಷ್ಟು ಮನೆಯವರಿಗೇ ಗೊತ್ತಿರುವುದಿಲ್ಲ. ಮುಂದಿನ ಸಲ ಬಂದಾಗ ಕಾಳು-ಕಡಿ, ದುಡ್ಡು ಕೊಟ್ಟು ಬೇಗ ಕಳಿಸಿಬಿಡಬೇಡಿ, ಕೂರಿಸಿ ಕೇಳಿ, ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

2. ನಿಮ್ಮ ಮನೆಯನ್ನೇ ಸರಿಯಾಗಿ ಹುಡುಕಿ

ಆಲ್ಬಮ್ಮು, ಟ್ರಂಕು ಎಲ್ಲರೂ ನೋಡುತ್ತಾರೆ. ಗೋಡೆಯ ಮೇಲಿನ ಫ್ರೇಮಿನ ಹಿಂಭಾಗ ಯಾರೂ ನೋಡುವುದಿಲ್ಲ. ಹಳೇ ಫೋಟೋ ಮಾಸಿದಾಗ ಅದರ ಮೇಲೇ ಹೊಸದನ್ನೋ ದೇವರ ಪಟವನ್ನೋ ಇಟ್ಟು ಮತ್ತೆ ಕಟ್ಟು ಹಾಕಿಸುವುದು ಸಾಮಾನ್ಯವಾಗಿತ್ತು. ಹಿಂದಿನ ರಟ್ಟು ತೆಗೆದರೆ ಒಳಗೆ ಇನ್ನೊಂದು ಫೋಟೋ ಇರಬಹುದು, ಸ್ಟುಡಿಯೋ ಹೆಸರು ಇರಬಹುದು, ರಟ್ಟಿನ ಬದಲು ಇಟ್ಟ ಹಳೇ ಕ್ಯಾಲೆಂಡರಿನ ಹಾಳೆ ಇದ್ದರೆ ಕಟ್ಟು ಹಾಕಿಸಿದ್ದು ಯಾವಾಗ ಅನ್ನುವ ಅಂದಾಜೂ ಸಿಗಬಹುದು.

ಒಂದು ಎಚ್ಚರಿಕೆ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಲೇಬೇಡಿ. ಮಳೆಗಾಲದ ತೇವಕ್ಕೆ ಫೋಟೋದ ಮೇಲ್ಪದರ ಮೆತ್ತಗಾಗಿ ಗಾಜು ಹಿಡಿದುಕೊಂಡಿರುತ್ತದೆ. ಎಳೆದರೆ ಮುಖವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಗಾಜಿನ ಮೇಲಿಂದಲೇ ಫೋಟೋ ತೆಗೆದುಕೊಳ್ಳಿ. ಕುಂಕುಮ, ಗಂಧ ಹಚ್ಚಿದ್ದರೆ ಗಾಜಿನ ಹೊರಗಡೆ ಮಾತ್ರ ಒರೆಸಿ. ನೇರ ಕಾಗದದ ಮೇಲೆ ಹಚ್ಚಿದ್ದರೆ ಮುಟ್ಟಬೇಡಿ.

ಆಮೇಲೆ ಕಾಗದಪತ್ರ. ಸರ್ಕಾರಿ ಕೆಲಸದಲ್ಲಿದ್ದ ಅಜ್ಜ ನಿವೃತ್ತರಾಗುವಾಗ ಪೆನ್ಷನ್ ಕಾಗದಕ್ಕಾಗಿ ಗಂಡ-ಹೆಂಡತಿ ಒಟ್ಟಿಗೆ ಕೂತು ಜಂಟಿ ಫೋಟೋ ತೆಗೆಸಿರುತ್ತಾರೆ. ಎಷ್ಟೋ ಅಜ್ಜಿಯರ ಬದುಕಿನಲ್ಲಿ ಸ್ಟುಡಿಯೋಗೆ ಹೋಗಿದ್ದು ಅದೊಂದೇ ಸಲ. ಸ್ವಾತಂತ್ರ್ಯ ಹೋರಾಟಗಾರರ ಪೆನ್ಷನ್ನಿಗೆ ಅರ್ಜಿ ಹಾಕಿದ್ದರೆ ಆ ಫೈಲಿನ ಪ್ರತಿ ನೋಡಿ. ಕೇಂದ್ರ ಸರ್ಕಾರದ ಈ ಪೆನ್ಷನ್ ಯೋಜನೆ ಶುರುವಾಗಿದ್ದು 1972ರಲ್ಲಿ. ಪಾಸ್‌ಪೋರ್ಟ್, ಬಸ್ ಪಾಸು, ಕಾರ್ಖಾನೆಯ ಗುರುತಿನ ಚೀಟಿ, ಹಳೇ ರೇಷನ್ ಕಾರ್ಡು, ಮತದಾರರ ಚೀಟಿ, ಯಾವುದನ್ನೂ ಬಿಡಬೇಡಿ. 2001ರ ಕಾನೂನು ತಿದ್ದುಪಡಿ ಬಂದ ಮೇಲೆ ಜಮೀನು ನೋಂದಣಿ ಪತ್ರಗಳಲ್ಲಿ ಕೊಡುವವರು, ಕೊಳ್ಳುವವರ ಫೋಟೋ ಹಾಕುವುದು ಶುರುವಾಯಿತು. ತೀರಾ ವಯಸ್ಸಾದ ಮೇಲೆ ಪಾಲುಪಟ್ಟಿಗೋ ದಾನಪತ್ರಕ್ಕೋ ಸಹಿ ಹಾಕಿದ ಹಿರಿಯರ ಮುಖ ಅಲ್ಲಿ ಸಿಕ್ಕೀತು.

3. ಹೆಣ್ಣುಮಕ್ಕಳ ಮನೆಗೆ ಹೋಗುವುದು, ಕೇಳುವುದು

ಇದು ಈ ಕೆಲಸದ ಮುಖ್ಯ ಭಾಗ. ಫೋನಿನಲ್ಲಿ "ಹಳೇ ಫೋಟೋ ಇದೆಯಾ ಅತ್ತೆ?" ಅಂತ ಕೇಳಿದರೆ "ಏನೂ ಇಲ್ಲಪ್ಪ" ಅನ್ನುವ ಉತ್ತರವೇ ಬರುವುದು. ಬೇಕಂತ ಹಾಗೆ ಹೇಳುವುದಲ್ಲ, ಬೀರುವಿನ ಮೂಲೆಯಲ್ಲಿ ಏನಿದೆ ಅನ್ನುವುದು ಥಟ್ಟನೆ ನೆನಪಿಗೆ ಬರುವುದಿಲ್ಲ. ಆದ್ದರಿಂದ ಕೈಯಲ್ಲಿ ನಿಮ್ಮ ಹತ್ತಿರ ಇರುವ ಫೋಟೋಗಳನ್ನು ಹಿಡಿದುಕೊಂಡು ಹೋಗಿ. ಮೊಬೈಲಿನಲ್ಲಿ ತೋರಿಸುವುದಕ್ಕಿಂತ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗುವುದು ವಾಸಿ, ವಯಸ್ಸಾದವರಿಗೆ ಕಣ್ಣಿಗೂ ಸುಲಭ, ಕೈಯಲ್ಲಿ ಹಿಡಿದು ನೋಡುತ್ತಾ ಮಾತು ತಾನಾಗೇ ಬರುತ್ತದೆ. ಒಂದು ಫೋಟೋ ನೋಡಿದ ಕೂಡಲೇ "ಇಂಥದ್ದೇ ಇನ್ನೊಂದು ನಮ್ಮಲ್ಲೂ ಇತ್ತಲ್ಲ" ಅಂತ ಎದ್ದು ಒಳಗೆ ಹೋಗುತ್ತಾರೆ.

"ಇವರು ಯಾರು?" ಅನ್ನುವ ಒಂದೇ ಪ್ರಶ್ನೆಗೆ ನಿಲ್ಲಬೇಡಿ. ಇದು ಯಾರ ಮದುವೆ, ಯಾವ ಮನೆಯ ಜಗಲಿ, ಈ ಓಲೆ ಯಾರದು, ಆಗ ಮಗುವಾಗಿದ್ದವರು ಯಾರು, ಫೋಟೋದವರನ್ನು ಯಾವ ಊರಿನಿಂದ ಕರೆಸಿದ್ದರು? ಹೆಸರು ಮರೆತವರಿಗೂ ಒಡವೆ, ಸೀರೆ, ಮನೆ, ಹಸು ನೆನಪಿರುತ್ತದೆ. ಅದರ ಜೊತೆ ಹೆಸರೂ ಬರುತ್ತದೆ. ಒಂದೇ ಫೋಟೋವನ್ನು ಇಬ್ಬರು ಹಿರಿಯರಿಗೆ ಬೇರೆ ಬೇರೆಯಾಗಿ ತೋರಿಸಿ. ಒಟ್ಟಿಗೆ ಕೂರಿಸಿದರೆ ಮೊದಲು ಮಾತಾಡಿದವರ ಮಾತಿಗೇ ಇನ್ನೊಬ್ಬರೂ ಹೂಂ ಅಂದುಬಿಡುತ್ತಾರೆ.

ಫೋಟೋ ಕೊಡಿ ಅಂತ ಕೇಳಬೇಡಿ, ಇಲ್ಲೇ ಕೂತು ಕಾಪಿ ಮಾಡಿಕೊಳ್ಳುತ್ತೇನೆ ಅನ್ನಿ. ಹಿಂದೆ ಯಾರೋ ಒಯ್ದು ವಾಪಸು ಕೊಡದ ಕಥೆ ಪ್ರತಿ ಮನೆಯಲ್ಲೂ ಇರುತ್ತದೆ. ಕೆಲವು ಮನೆಗಳಲ್ಲಿ ತೀರಿಕೊಂಡವರನ್ನು ಕುರ್ಚಿಯಲ್ಲಿ ಕೂರಿಸಿ ತೆಗೆಸಿದ ಫೋಟೋ ಇರುತ್ತದೆ. ಬದುಕಿದ್ದಾಗ ಒಂದೂ ತೆಗೆಸದವರಿಗೆ ಅದೇ ಕೊನೆಯ ಅವಕಾಶವಾಗಿತ್ತು. ತೋರಿಸಲು ಹಿಂಜರಿದರೆ ಬಲವಂತ ಮಾಡಬೇಡಿ. ತೋರಿಸಿದರೆ ಅದನ್ನೂ ಗೌರವದಿಂದ ಕಾಪಿ ಮಾಡಿಕೊಳ್ಳಿ, ಆದರೆ ಕುಟುಂಬದ ಗ್ರೂಪಿಗೆ ಕೇಳದೆ ಹಾಕಬೇಡಿ.

4. ಬೇರೆಯವರಿಗಾಗಿ ತೆಗೆದ ಫೋಟೋಗಳಲ್ಲಿ ಹುಡುಕಿ

ನಿಮ್ಮ ಅಜ್ಜ ಒಬ್ಬರೇ ಕೂತ ಫೋಟೋ ಇಲ್ಲದಿರಬಹುದು, ಗುಂಪಿನಲ್ಲಿ ನಿಂತಿದ್ದು ಇರುತ್ತದೆ. ಶಾಲೆಯ ಬೀಳ್ಕೊಡುಗೆ ಫೋಟೋ, ಹೆಡ್‌ಮಾಸ್ತರರ ವರ್ಗಾವಣೆ ಫೋಟೋ, ಊರಿನ ನಾಟಕ ಆಡಿದವರ ಫೋಟೋ, ಭಜನಾ ಮಂಡಳಿ, ಸಹಕಾರ ಸಂಘದ ನಿರ್ದೇಶಕರು, ಯಕ್ಷಗಾನ ಮೇಳ. ಶಾಲೆಗೆ ಹೋದರೆ ಹೆಡ್‌ಮಾಸ್ತರರ ಕೋಣೆಯ ಗೋಡೆ ನೋಡಿ, ಆಮೇಲೆ ಬೀರುವಿನ ಮೇಲೆ ಮಗುಚಿ ಇಟ್ಟ ಫ್ರೇಮುಗಳನ್ನು ಕೇಳಿ. ಸುವರ್ಣ ಮಹೋತ್ಸವ, ಶತಮಾನೋತ್ಸವದ ಸ್ಮರಣ ಸಂಚಿಕೆಗಳನ್ನು ಮರೆಯಬೇಡಿ. ಶಾಲೆ, ಸಹಕಾರಿ ಬ್ಯಾಂಕು, ಸಮುದಾಯದ ಹಾಸ್ಟೆಲ್ಲು, ಮಠ, ಚರ್ಚು ಎಲ್ಲವೂ ಇಂಥ ಸಂಚಿಕೆ ಅಚ್ಚು ಹಾಕಿಸಿವೆ. ಅವುಗಳಲ್ಲಿ ಹೆಸರಿನ ಸಮೇತ ಸಣ್ಣ ಸಣ್ಣ ಫೋಟೋಗಳು ಸಿಗುತ್ತವೆ.

ಹಿರಿಯರು ಯಾವುದಾದರೂ ದೊಡ್ಡ ಘಟನೆಯಲ್ಲಿ ಭಾಗವಹಿಸಿದ್ದರು ಅನ್ನುವ ಮಾತು ಮನೆಯಲ್ಲಿದ್ದರೆ ಅದನ್ನೇ ಹಿಡಿದು ಹೊರಡಿ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರಾಗಿದ್ದರಾ? 1930ರ ಅಂಕೋಲಾ ಉಪ್ಪಿನ ಸತ್ಯಾಗ್ರಹ, 1938ರ ಶಿವಪುರ ಧ್ವಜ ಸತ್ಯಾಗ್ರಹದಲ್ಲಿ ಇದ್ದರಾ? ಮಹಾರಾಜರ ಕಾಲದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಸದಸ್ಯರಾಗಿದ್ದರಾ? ಸಾಹಿತ್ಯ ಸಮ್ಮೇಳನಗಳಿಗೆ ಹೋಗುತ್ತಿದ್ದರಾ? ಇಂಥ ಕಡೆ ಗುಂಪು ಫೋಟೋ ತೆಗೆಸುವುದು ಒಂದು ಪದ್ಧತಿಯೇ ಆಗಿತ್ತು. ಕೋಲಾರದ ಚಿನ್ನದ ಗಣಿ, ಭದ್ರಾವತಿ ಕಬ್ಬಿಣದ ಕಾರ್ಖಾನೆ, ಬಿನ್ನಿ ಮಿಲ್ಲು, ಕನ್ನಂಬಾಡಿ ಕಟ್ಟೆಯ ಕೆಲಸ, ರೈಲ್ವೆ, ಇಲ್ಲೆಲ್ಲ ದುಡಿದವರ ಕುಟುಂಬಗಳು ಆಗಿನ ಕಾಲೋನಿಯ ನೆರೆಹೊರೆಯವರನ್ನೂ ಕೇಳಬೇಕು. ಕರಾವಳಿಯಿಂದ ಮುಂಬೈಗೆ ಹೋಗಿ ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಓದಿದವರು ಬಹಳ ಜನ. ಅವರ ಫೋಟೋ ಊರಿಗಿಂತ ಮುಂಬೈಯ ಕನ್ನಡ ಸಂಘಗಳ ಸಂಚಿಕೆಗಳಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಪತ್ರಿಕೆಗಳಲ್ಲಿ ಬರುವ ಪುಣ್ಯಸ್ಮರಣೆ ಜಾಹೀರಾತು ಇನ್ನೊಂದು ದಾರಿ. ತೀರಿಕೊಂಡ ದಿನ ಗೊತ್ತಿದ್ದರೆ ಆ ವಾರದ, ಮರುವರ್ಷದ ಅದೇ ದಿನದ ಪತ್ರಿಕೆ ನೋಡಿ. ಕೆಳಗೆ ದುಃಖತಪ್ತರ ಹೆಸರುಗಳೂ ಇರುತ್ತವೆ, ನಿಮ್ಮ ಪಟ್ಟಿ ಇನ್ನಷ್ಟು ಬೆಳೆಯುತ್ತದೆ.

5. ಸ್ಟುಡಿಯೋಗಳು

ಫೋಟೋ ಅಂಟಿಸಿದ ರಟ್ಟಿನ ಕೆಳಗೆ ಉಬ್ಬಿದ ಅಕ್ಷರದಲ್ಲಿ ಅಥವಾ ಹಿಂಬದಿ ರಬ್ಬರ್ ಸ್ಟಾಂಪಿನಲ್ಲಿ ಸ್ಟುಡಿಯೋ ಹೆಸರು ಇರುತ್ತದೆ. ಬೆಂಗಳೂರಿನಲ್ಲಿ ಬಾರ್ಟನ್, ಜಿ.ಕೆ. ವೇಲ್, ಮದರಾಸಿನಲ್ಲಿ ವೀಲೆ ಅಂಡ್ ಕ್ಲೈನ್ ಹೀಗೆ ದೊಡ್ಡ ಹೆಸರುಗಳಿದ್ದವು. ಆದರೆ ನಮ್ಮಂಥವರ ಹಿರಿಯರು ಹೋಗುತ್ತಿದ್ದದ್ದು ತಾಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಸ್ಟುಡಿಯೋಗೆ, ಅಥವಾ ಜಾತ್ರೆಯಲ್ಲಿ ಪರದೆ ಕಟ್ಟಿಕೊಂಡು ಕೂತವರ ಹತ್ತಿರ.

ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದ ಒಂದು ನಂಬರ್ ಕಂಡರೆ ಅದು ನೆಗೆಟಿವ್ ನಂಬರ್ ಇರಬಹುದು. ಸ್ಟುಡಿಯೋ ಈಗಲೂ ನಡೆಯುತ್ತಿದ್ದರೆ, ಅಥವಾ ಮುಚ್ಚಿದ್ದರೂ ಆ ಮನೆಯವರು ಊರಲ್ಲೇ ಇದ್ದರೆ, ಹೋಗಿ ಕೇಳಿ. ಬಹಳಷ್ಟು ಕಡೆ ನೆಗೆಟಿವ್‌ಗಳನ್ನು ಅದರಲ್ಲಿನ ಬೆಳ್ಳಿಗಾಗಿ ಮಾರಿಬಿಟ್ಟಿದ್ದಾರೆ, ಗಾಜಿನ ಪ್ಲೇಟುಗಳನ್ನು ತೊಳೆದು ಬೇರೆ ಕೆಲಸಕ್ಕೆ ಬಳಸಿದ್ದಾರೆ. ಆದರೂ ಅಲ್ಲಲ್ಲಿ ಪೆಟ್ಟಿಗೆಗಟ್ಟಲೆ ಉಳಿದಿವೆ. ತಮಿಳುನಾಡಿನಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಇಂಥ ಹಳೇ ಸ್ಟುಡಿಯೋಗಳ ಸಂಗ್ರಹ ಉಳಿಸುವ ಕೆಲಸ ಮಾಡಿದ್ದಾರೆ. ನಮ್ಮ ತಾಲೂಕುಗಳಲ್ಲೂ ಇದು ತುರ್ತಾಗಿ ಆಗಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಒಂದು ಊರಿನ ಅರ್ಧ ಜನರ ಮುಖ ಆ ಪೆಟ್ಟಿಗೆಗಳಲ್ಲಿದೆ.

6. ಪತ್ರಾಗಾರ (ಹಳೇ ದಾಖಲೆಗಳ ಭಂಡಾರ) ಮತ್ತು ಇಂಟರ್ನೆಟ್ಟು

ಎಲ್ಲಕ್ಕಿಂತ ಮೊದಲು ಬಾಸೆಲ್ ಮಿಷನ್ ಸಂಗ್ರಹ ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಈ ಕ್ರೈಸ್ತ ಮಿಷನ್ನಿನವರು ಮಂಗಳೂರು, ಉಡುಪಿ, ಕೊಡಗು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ ಕಡೆಗಳಲ್ಲಿ ತೆಗೆದ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿವೆ. ಅವುಗಳನ್ನು ಅವರ ವೆಬ್‌ಸೈಟಿನಲ್ಲೇ ಹುಡುಕಬಹುದು. ಹಂಚಿನ ಕಾರ್ಖಾನೆಯ ಕೆಲಸಗಾರರು, ನೇಯ್ಗೆಯವರು, ಶಾಲೆ ಮಕ್ಕಳು, ಉಪದೇಶಿಗಳ ಕುಟುಂಬ, ಹೀಗೆ ಬೇರೆಲ್ಲೂ ಕಾಣದ ಸಾಮಾನ್ಯ ಜನ ಅಲ್ಲಿದ್ದಾರೆ. ಹುಡುಕುವಾಗ ಇಂಗ್ಲಿಷಿನಲ್ಲಿ ಆಗಿನ ಹೆಸರು ಕೊಡಿ: ಮಡಿಕೇರಿಗೆ ಮರ್ಕೇರಾ, ಧಾರವಾಡಕ್ಕೆ ಧಾರ್ವಾರ್. ವಿವರಣೆ ಜರ್ಮನ್ ಭಾಷೆಯಲ್ಲಿದ್ದರೆ ಫೋನಿನ ಅನುವಾದ ಸಾಕು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಮಿಷನ್ನಿನ ಹಳೇ ದಾಖಲೆಗಳಿವೆ.

ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, 1909ರಲ್ಲಿ ಶುರುವಾದ, ಇತಿಹಾಸ-ಸಂಸ್ಕೃತಿ ಅಧ್ಯಯನದ ಮಿಥಿಕ್ ಸೊಸೈಟಿ, ಭಾರತೀಯ ವಿಜ್ಞಾನ ಸಂಸ್ಥೆಯ ಪತ್ರಾಗಾರ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, ಇವು ನಿಮ್ಮ ಹಿರಿಯರ ಕೆಲಸಕ್ಕೆ ತಕ್ಕಂತೆ ಉಪಯೋಗವಾಗುತ್ತವೆ. ಸುಮ್ನೆ ಹೋಗಿ "ನಮ್ಮ ತಾತನ ಫೋಟೋ ಇದೆಯಾ" ಅಂದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ. ಇಲಾಖೆ, ಊರು, ವರ್ಷ ಗೊತ್ತಿಟ್ಟುಕೊಂಡು, ಮೊದಲೇ ಪತ್ರ ಬರೆದು ಹೋಗಿ. ಇಂಟರ್ನೆಟ್ ಆರ್ಕೈವ್‌ ಅನ್ನುವ ಆನ್‌ಲೈನ್ ಗ್ರಂಥಾಲಯದಲ್ಲಿ (archive.org) ಸ್ಕ್ಯಾನ್ ಆಗಿರುವ ಕನ್ನಡ ಪುಸ್ತಕ, ಪತ್ರಿಕೆ ತುಂಬ ಇವೆ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನ ಎರಡು-ಮೂರು ಸ್ಪೆಲಿಂಗಿನಲ್ಲೂ ಹುಡುಕಿ.

ಬ್ರಿಟಿಷರ ಕಾಲದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಫೋಟೋಗಳಿವೆ, ಆದರೆ ಅಲ್ಲಿ ಸಾಮಾನ್ಯವಾಗಿ ಜಾತಿಯ ಹೆಸರು ಇರುತ್ತದೆ, ಮನುಷ್ಯನ ಹೆಸರು ಇರುವುದಿಲ್ಲ. ನಮ್ಮ ಕಡೆಯವರ ಹಾಗೆ ಕಾಣುತ್ತಾರೆ ಅನ್ನುವ ಕಾರಣಕ್ಕೆ ಅದನ್ನು ನಿಮ್ಮ ಮುತ್ತಜ್ಜ ಅಂತ ವಂಶವೃಕ್ಷಕ್ಕೆ ಅಂಟಿಸಬೇಡಿ.

7. ಕಾಪಿ ಮಾಡುವ ವಿಧಾನ

ಸ್ಕ್ಯಾನರ್ ಇದ್ದರೆ ಮಾಮೂಲಿ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಅಳತೆ), ಪಾಸ್‌ಪೋರ್ಟ್ ಅಳತೆಗೆ 1200, ನೆಗೆಟಿವ್‌ಗೆ 2400 ಅಥವಾ ಅದಕ್ಕಿಂತ ಜಾಸ್ತಿ. ಮೂಲ ಪ್ರತಿಯನ್ನು ಟಿಫ್ (TIFF, ಗುಣಮಟ್ಟ ಕುಗ್ಗದ ಬಗೆ) ಫೈಲಾಗಿ ಇಟ್ಟುಕೊಳ್ಳಿ. ಕಪ್ಪು-ಬಿಳುಪು ಫೋಟೋವನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಕಂದುಬಣ್ಣ, ಕಲೆಗಳೂ ಕಾಲ ಗುರುತಿಸಲು ಬೇಕಾಗುತ್ತವೆ. ಫೋನಿನಲ್ಲಾದರೆ ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಕಡೆ ಇಟ್ಟು, ಫ್ಲ್ಯಾಶ್ ಆರಿಸಿ, ಸರಿಯಾಗಿ ಮೇಲಿನಿಂದ ತೆಗೆಯಿರಿ. ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಕಂಡರೆ ಕಪ್ಪು ಬಟ್ಟೆ ಅಡ್ಡ ಹಿಡಿಯಿರಿ. ಗೂಗಲ್‌ನ ಫೋಟೋಸ್ಕ್ಯಾನ್ ಆಪ್ ಹೊಳಪು ಕಡಿಮೆ ಮಾಡುತ್ತದೆ. ಹಿಂಭಾಗವನ್ನೂ ತಪ್ಪದೆ ತೆಗೆಯಿರಿ. ರಟ್ಟಿನ ಸಮೇತ ಇಡೀ ಫೋಟೋ ಬರಲಿ, ಮುಖವಷ್ಟೇ ಕತ್ತರಿಸಬೇಡಿ.

8. ಯಾವ ಕಾಲದ್ದು, ಯಾರದು?

ತೆಳ್ಳನೆಯ ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಿದ, ಕಂದು-ಹಳದಿ ಬಣ್ಣದ ಫೋಟೋ 19ನೇ ಶತಮಾನದ್ದಿರಬಹುದು. ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಎತ್ತರದ ಕಾರ್ಡು 1854ರ ನಂತರದ ಶೈಲಿ. ನಾಲ್ಕೂಕಾಲು-ಆರೂವರೆ ಇಂಚಿನ ಕ್ಯಾಬಿನೆಟ್ ಕಾರ್ಡು 1860ರ ದಶಕದಲ್ಲಿ ಶುರುವಾಗಿ 20ನೇ ಶತಮಾನಕ್ಕೂ ಬಂತು. ಕಪ್ಪು ಭಾಗಗಳಲ್ಲಿ ಓರೆಯಾಗಿ ನೋಡಿದಾಗ ಕನ್ನಡಿಯಂಥ ನೀಲಿ ಹೊಳಪು ಕಂಡರೆ ಅದು ಬೆಳ್ಳಿಯ ಜೆಲಟಿನ್ ಪ್ರಿಂಟು, ಅಂದರೆ ಬೆಳ್ಳಿ ಬೆರೆತ ಜೆಲಟಿನ್ ಪದರವಿರುವ ಕಾಗದದ ಕಪ್ಪು-ಬಿಳುಪು ಫೋಟೋ. ಇಂಥವು 1890ರ ಸುಮಾರಿನಿಂದ ಮುಂದೆ ದಶಕಗಟ್ಟಲೆ ಬಳಕೆಯಲ್ಲಿದ್ದವು. ಮುಟ್ಟಿದರೆ ಪ್ಲಾಸ್ಟಿಕ್ ಹಾಗೆ ಅನಿಸುವ ಕಾಗದ 1970ರ ಆಸುಪಾಸಿನದು ಅಥವಾ ಆಮೇಲಿನದು.

ಸ್ಟುಡಿಯೋ ವಿಳಾಸ ಇನ್ನೂ ಚೆನ್ನಾಗಿ ಹೇಳುತ್ತದೆ. ಆರಂಕಿಯ ಪಿನ್ ಕೋಡ್ ಇದ್ದರೆ ಆ ಸ್ಟಾಂಪು 1972ರ ಆಗಸ್ಟ್ 15ಕ್ಕಿಂತ ಹಳೆಯದಲ್ಲ. ಮೈಸೂರು ರಾಜ್ಯ ಅಂತ ಇದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕಿಂತ ಮೊದಲು. ಗಾಂಧಿ ಟೋಪಿ 1920ಕ್ಕಿಂತ ಹಿಂದೆ ಕಾಣುವುದು ಅಪರೂಪ. ಬಟ್ಟೆಯನ್ನು ಮಾತ್ರ ಪೂರ್ತಿ ನಂಬಬೇಡಿ. ಕೋಟು, ಪೇಟ, ಕೈಗಡಿಯಾರ, ಕೆಲವೊಮ್ಮೆ ಒಡವೆ ಕೂಡ ಸ್ಟುಡಿಯೋದವರೇ ಕೊಡುತ್ತಿದ್ದರು. ಇನ್ನೊಂದು ವಿಷಯ, ಗಂಡ-ಹೆಂಡತಿ ಪಕ್ಕಪಕ್ಕ ಇರುವ ಫೋಟೋ ಎರಡು ಬೇರೆ ಫೋಟೋಗಳನ್ನು ಸೇರಿಸಿ ಬಣ್ಣ ತಿದ್ದಿದ್ದಿರಬಹುದು. ಇಬ್ಬರ ಮುಖದ ಮೇಲೂ ಬೆಳಕು ಒಂದೇ ಕಡೆಯಿಂದ ಬಿದ್ದಿದೆಯಾ ನೋಡಿ.

ಎಐ ಆಪ್‌ಗಳಲ್ಲಿ ಹಾಕಿ ಮುಖ ಸ್ಪಷ್ಟ ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಮಸುಕಾದ ಕಡೆ ಅದು ತನಗೆ ತೋಚಿದ ಕಣ್ಣು, ಮೂಗು, ಹಲ್ಲು ತುಂಬಿಸುತ್ತದೆ. ಅದು ನಿಮ್ಮ ಮುತ್ತಜ್ಜಿಯ ಮುಖವಲ್ಲ. ಮಾಡಿದರೂ ಮೂಲದ ಪಕ್ಕ ಬೇರೆ ಫೈಲಾಗಿಡಿ, ಎಐ ತಿದ್ದಿದ್ದು ಅಂತ ಹೆಸರಿನಲ್ಲೇ ಬರೆಯಿರಿ. ಗುರುತು ಹಿಡಿಯಲು ಹಿರಿಯರಿಗೆ ತೋರಿಸುವುದು ಮಾತ್ರ ಮೂಲ ಪ್ರತಿಯನ್ನೇ.

9. ಬರೆದಿಡಿ, ಹಂಚಿ

ಫೈಲಿಗೆ ವರ್ಷ, ಹೆಸರು, ಊರು, ಯಾರ ಮನೆಯಲ್ಲಿ ಸಿಕ್ಕಿತು, ಯಾರು ಗುರುತಿಸಿದರು ಅನ್ನುವುದನ್ನೆಲ್ಲ ಸೇರಿಸಿ. ಅನುಮಾನ ಇದ್ದರೆ "ಬಹುಶಃ" ಅಂತಲೇ ಬರೆಯಿರಿ. ಮೂಲ ಫೋಟೋದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಅಂಚಿನಲ್ಲಿ. ಬಾಲ್ ಪೆನ್ನು ಬೇಡ. ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಇಡಬೇಡಿ, ಕೆಲವು ವರ್ಷಕ್ಕೆ ಅಂಟು ಫೋಟೋಗೆ ಹತ್ತುತ್ತದೆ. ಮಲೆನಾಡು, ಕರಾವಳಿಯವರು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಟ್ಟು ಮಳೆಗಾಲ ಕಳೆದ ಮೇಲೆ ತೆಗೆದು ನೋಡಿ.

ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಕುಗ್ಗಿಸಿಬಿಡುತ್ತದೆ. ಯಾರ ಮನೆಯಲ್ಲಿ ಸಿಕ್ಕಿತೋ ಅವರಿಗೆ ಒಂದು ಒಳ್ಳೆಯ ಪ್ರಿಂಟು ಹಾಕಿಸಿ ಕೊಡಿ. ಅವರ ಮೂಲಕವೇ ಮುಂದಿನ ಮನೆಯ ಬಾಗಿಲು ತೆರೆಯುತ್ತದೆ.

ಶುರು ಮಾಡುವುದಾದರೆ ದಸರಾ, ದೀಪಾವಳಿಗೆ ಸ್ವಲ್ಪ ಮುಂಚೆ ಶುರು ಮಾಡಿ. ಮನೆ ಸ್ವಚ್ಛ ಮಾಡುವಾಗಲೇ ಹಳೇ ಟ್ರಂಕುಗಳು ಕೆಳಗಿಳಿಯುವುದು, ಬೇಡದ್ದು ಗುಜರಿಗೆ ಹೋಗುವುದೂ ಆಗಲೇ. ಪಟ್ಟಿಯಲ್ಲಿರುವ ಎಲ್ಲ ಅತ್ತೆ, ದೊಡ್ಡಮ್ಮ, ಚಿಕ್ಕಮ್ಮಂದಿರಿಗೆ ಅದಕ್ಕೂ ಮೊದಲೇ ಫೋನ್ ಮಾಡಿ, ಫೋಟೋ ಏನೇ ಸಿಕ್ಕರೂ ಎಸೆಯಬೇಡಿ, ನಾನು ಬರುತ್ತಿದ್ದೇನೆ ಅಂತ ಹೇಳಿಬಿಡಿ.